ಮೂರು ತಾಲೂಕಿನ ಪಂಕ್ತಿ ನೋಡಿದ ಕಾಲು

ಹೊಸನಗರದ ಕಲ್ಯಾಣಮಂಟಪದ ಹಿಂಭಾಗದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಲೆಯ ಮೇಲೆ ಅವಲಕ್ಕಿಯ ಒಗ್ಗರಣೆ ಸಿಡಿಯುತ್ತಿದೆ. ಮಹಾಗಣಪತಿ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟುತ್ತಾರೆ, ಟವೆಲನ್ನು ಸೊಂಟಕ್ಕೆ ಬಿಗಿಯುತ್ತಾರೆ, ಕಾಫಿಯ ದೊಡ್ಡ ಕೆಟಲ್ ಎತ್ತಿಕೊಂಡು ಹೊರಡುತ್ತಾರೆ. ಇನ್ನು ಮಧ್ಯಾಹ್ನದ ಕೊನೆಯ ಪಂಕ್ತಿ ಕೈ ತೊಳೆಯುವ ತನಕ ಆ ಮನುಷ್ಯ ಕೂರುವುದಿಲ್ಲ. ಕೂರಿ ಎಂದರೆ, "ಬಡಿಸೋನು ಕೂತ್ರೆ ಉಣ್ಣೋರು ಎದ್ದು ನಿಲ್ಬೇಕಾಗ್ತದೆ" ಎನ್ನುತ್ತಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮದುವೆ, ಉಪನಯನ, ಗೃಹಪ್ರವೇಶ ಎಂದರೆ ಬಡಿಸುವುದಕ್ಕೆ ಈ ಮಹಾಗಣಪತಿ, ಎಲ್ಲರ ಬಾಯಲ್ಲಿ ಗಣಪತಣ್ಣ, ಬರಬೇಕು. ಅಡುಗೆಯವರ ಹೆಸರು ಎಲ್ಲರಿಗೂ ಗೊತ್ತು, ಹೊಗಳಿಕೆಯೆಲ್ಲ ಹೋಳಿಗೆ ಬೇಯಿಸಿದವರಿಗೆ. ಆ ಹೋಳಿಗೆ ಬಿಸಿ ಆರುವ ಮೊದಲು ಎಲೆಗೆ ಬಂದದ್ದು ಯಾರಿಂದ ಎಂದು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷಗಳಿಂದ ಅದನ್ನು ತಂದವರ ಎಡಗಾಲು ಈಗ ಕೈಕೊಟ್ಟಿದೆ. ಮೀನಖಂಡದ ಮೇಲೆ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಹಾಗೆ ನೀಲಿ ನರಗಳು ಉಬ್ಬಿ ನಿಂತಿವೆ. ಅದಕ್ಕೊಂದು ಚಿಕಿತ್ಸೆ ಮಾಡಿಸಿಕೊಳ್ಳಬೇಕೋ ಬೇಡವೋ ಎನ್ನುವುದು ಎರಡು ವರ್ಷಗಳಿಂದ ಅವರ ತಲೆ ತಿನ್ನುತ್ತಿರುವ ಪ್ರಶ್ನೆ.

ಅವರೊಬ್ಬರ ತಲೆಯನ್ನಷ್ಟೇ ತಿಂದಿದ್ದರೆ ಚಿಂತೆಯಿರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣಿಗೆ ಬಡಿಸುವವರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ಹೀಗಾಗಿ ಮೂರು ತಾಲೂಕಿನ ನೆಂಟರಿಷ್ಟರೆಲ್ಲ ಈ ಕಾಲನ್ನು ಹತ್ತಿರದಿಂದ ಕಂಡವರೇ. ಕೋಸಂಬರಿ ಬರುವಾಗ ಒಬ್ಬರು ಎಳ್ಳೆಣ್ಣೆ ಹಚ್ಚಲು ಹೇಳುತ್ತಾರೆ. ಸಾರು ಬರುವ ಹೊತ್ತಿಗೆ ಪಕ್ಕದವರು, ಎಣ್ಣೆ ಮಾತ್ರ ಮುಟ್ಟಿಸಲೇಬೇಡಿ ಎನ್ನುತ್ತಾರೆ. ಸಾಗರದ ಒಂದು ಉಪನಯನದಲ್ಲಿ ಹಿರಿಯರೊಬ್ಬರು, "ಮಳೆಗಾಲದಲ್ಲಿ ತೋಟದಲ್ಲಿ ಸುಮ್ನೆ ನಿಂತ್ಕೊಳೋ ಮಾರಾಯ, ಉಂಬಳ ಕೆಟ್ಟ ರಕ್ತ ಎಲ್ಲ ಎಳ್ಕೊಂಡು ಹೋಗ್ತದೆ" ಎಂದು ಜಿಗಣೆ ಕಚ್ಚಿಸಿಕೊಳ್ಳುವ ಸಲಹೆ ಕೊಟ್ಟು, ಎರಡನೇ ಸಲ ಪಾಯಸ ಹಾಕಿಸಿಕೊಂಡರಂತೆ.

"ಹೇಳ್ಲಿ ಬಿಡಿ. ಮಾತಾಡ್ತಾ ಇದ್ರೆ ನಾಲ್ಕು ತುತ್ತು ಹೆಚ್ಚು ಉಣ್ತಾರೆ" ಎಂದು ಗಣಪತಣ್ಣ ನಗುತ್ತಾರೆ.

ಹೆಂಡತಿ ಶರಾವತಿಯ ಒತ್ತಾಯಕ್ಕೆ ಅವರು ಹೋದ ವರ್ಷ ತೀರ್ಥಹಳ್ಳಿಯ ಡಾಕ್ಟರ್ ನಿರಂಜನರ ಹತ್ತಿರ ಕಾಲು ತೋರಿಸಿದರು. ಡಾಕ್ಟರು ಸ್ಕ್ಯಾನ್ ಮಾಡಿ, ಸಣ್ಣ ತಂತಿಯೊಂದನ್ನು ಒಳಗೆ ಬಿಟ್ಟು ಕೆಟ್ಟ ನರವನ್ನು ಲೇಸರಿನಿಂದ ಮುಚ್ಚಿಬಿಡಬಹುದು, ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು ಎಂದರು. ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತದೆ ಎಂದು ಶರಾವತಿ ಗಾಬರಿಯಾದರೆ, ಗಣಪತಣ್ಣನಿಗೆ ಅದು ಥಟ್ಟನೆ ಅರ್ಥವಾಯಿತು. "ಒಬ್ಬ ಬಡಿಸೋನು ಬರ್ದೇ ಹೋದ್ರೆ ಉಳಿದವ್ರು ಅವನ ಸಾಲು ಹಂಚ್ಕೊಳಲ್ವಾ, ಹಾಗೇ" ಎಂದು ಹೆಂಡತಿಗೆ ಅವರೇ ಸಮಾಧಾನ ಹೇಳಿದರು. ನಡೆಯುವುದಕ್ಕಿಂತ ಒಂದೇ ಕಡೆ ನಿಲ್ಲುವುದು ಈ ಕಾಲಿಗೆ ಕೆಟ್ಟದ್ದು ಎಂದು ಡಾಕ್ಟರು ಹೇಳಿದ್ದೇ ತಡ, ಅವರು ಹಿರಿಹಿರಿ ಹಿಗ್ಗಿದರು. ಒಂದೇ ಕಡೆ ನಿಂತು ಬಡಿಸುವ ಬಫೆ ಊಟದಿಂದ ಆರೋಗ್ಯ ಹಾಳು ಎಂದು ಅಂದಿನಿಂದ ಎಲ್ಲ ಮದುವೆಗಳಲ್ಲೂ ಸಾರುತ್ತಿದ್ದಾರೆ.

ಇಷ್ಟೆಲ್ಲ ಅರ್ಥವಾದರೂ ಚಿಕಿತ್ಸೆಗೆ ಮಾತ್ರ ಒಪ್ಪಲಿಲ್ಲ. ಒಳಗಿನ ಸತ್ಯವೆಂದರೆ ಅವರಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಸದ್ಯಕ್ಕೆ ಇರಲಿ ಎಂದು ಡಾಕ್ಟರು ಕೊಟ್ಟ ಬಿಗಿ ಸ್ಟಾಕಿಂಗ್ಸ್ ಹಾಕಿಕೊಂಡು ಒಂದು ಮದುವೆಗೆ ಹೋದರು. ಮೊದಲನೇ ಪಂಕ್ತಿಯಲ್ಲೇ ಮದುಮಗಳ ಅಜ್ಜ ಎಲೆಯ ಮೇಲೆ ಅಡ್ಡ ಕೈ ಹಿಡಿದರು. "ಕಾಲುಚೀಲ ಹಾಕ್ಕೊಂಡು ಅನ್ನ ಬಡಿಸ್ತಾ ಇದ್ದೀಯಲ್ಲೋ, ನಾಳೆ ಬೂಟು ಹಾಕ್ಕೊಂಡು ಬತ್ಯಾ?" ಎಂದು ಕೇಳಿದರು. ಅದು ಔಷಧದ ಚೀಲ ಎಂದು ಹೇಳುವಷ್ಟರಲ್ಲಿ ಅನ್ನ ಆರುತ್ತಿತ್ತು. ಗಣಪತಣ್ಣ ಹಿತ್ತಲಿಗೆ ಹೋಗಿ ಅದನ್ನು ಎಳೆದೆಳೆದು ಬಿಚ್ಚಿ ಬಂದರು. ಮತ್ತೆ ಹಾಕಲಿಲ್ಲ.

ಚಿಕಿತ್ಸೆ ಮಾಡಿಸುವುದಿದ್ದರೆ ಉಳಿದದ್ದು ಆಷಾಢ. ಮದುವೆಗಳಿಲ್ಲದ ತಿಂಗಳು, ಕಾಲಿಗೆ ಬಿಡುವು. ಅಲ್ಲಿ ಶರಾವತಿಯೇ ಒಂದು ತೊಡಕು ತೆಗೆದರು: "ಶುಭಕಾರ್ಯ ಹೌದಾದ್ರೆ ಆಷಾಢದಲ್ಲಿ ಮಾಡಲಾಗ. ಶುಭ ಅಲ್ದಿದ್ರೆ ಎಂತಕ್ಕೆ ಮಾಡ್ಸದು?" ಊರಿನ ಪುರೋಹಿತರನ್ನು ಕೇಳಿದರೆ, ನರದ ವಿಷಯ ಪಂಚಾಂಗದಲ್ಲಿ ಬರುವುದಿಲ್ಲ ಎಂದು ಜಾರಿಕೊಂಡರು. ಕುಂಟನಿಗೆ ಎಂಟು ಚೇಷ್ಟೆ ಎನ್ನುವ ಹಾಗೆ, ಹೆದರುವವನಿಗೆ ನೆಪಗಳೂ ಎಂಟು. ಆ ಆಷಾಢ ಹಾಗೇ ಕಳೆಯಿತು.

ಈ ವೈಶಾಖದಲ್ಲಿ ತೀರ್ಥಹಳ್ಳಿಯ ಒಂದು ಮದುವೆ. ಗಣಪತಣ್ಣ ಹೋಳಿಗೆಯ ತಟ್ಟೆ ಹಿಡಿದು ಎರಡನೇ ಸಾಲಿಗೆ ಬಂದಿದ್ದರು. ಅವರು ನಡೆದಲ್ಲೆಲ್ಲ ನೆಲದ ಮೇಲೆ ಕೆಂಪು ಹನಿಗಳು. ಕೂತವರು, ಬೀಟ್‌ರೂಟ್ ಪಲ್ಯ ಚೆಲ್ಲುತ್ತಿದೆ ಎಂದರು. ಇವತ್ತು ಬೀಟ್‌ರೂಟೇ ಮಾಡಿಲ್ಲವಲ್ಲ ಎಂದುಕೊಂಡು ಗಣಪತಣ್ಣ ಬಗ್ಗಿ ನೋಡಿದರೆ, ಉಬ್ಬಿದ ನರವೊಂದು ಒಡೆದು ಹಿಮ್ಮಡಿಯ ಮೇಲೆ ರಕ್ತ ಇಳಿಯುತ್ತಿದೆ.

ಸಾಲಿನ ನಡುವಿನಿಂದ ಒಬ್ಬರು ದಡಕ್ಕನೆ ಎದ್ದರು. ಡಾಕ್ಟರ್ ನಿರಂಜನ, ಗಂಡಿನ ಕಡೆಯ ನೆಂಟರಾಗಿ ಊಟಕ್ಕೆ ಕೂತಿದ್ದವರು. ಇಡೀ ಪಂಕ್ತಿ ಹೌಹಾರಿತು. ರಕ್ತಕ್ಕಲ್ಲ. ಹಿರಿಯರ ಊಟ ಮುಗಿಯುವ ಮೊದಲೇ ಒಬ್ಬರು ಎಲೆ ಬಿಟ್ಟು ಎದ್ದುಬಿಟ್ಟರಲ್ಲ ಎಂದು. ಡಾಕ್ಟರು ಎಂಜಲು ಕೈಯನ್ನು ಒಂದು ಲೋಟ ನೀರಿನಲ್ಲಿ ತೊಳೆದು, ಗಣಪತಣ್ಣನನ್ನು ಎರಡು ಸಾಲುಗಳ ನಡುವೆಯೇ ಮಲಗಿಸಿ, ಕಾಲನ್ನು ಮೇಲೆತ್ತಿ, ಟವೆಲಿನಿಂದ ಗಾಯವನ್ನು ಒತ್ತಿ ಹಿಡಿದರು. ಆ ಭಂಗಿಯಲ್ಲೂ ಗಣಪತಣ್ಣ ಸುಮ್ಮನಿರಲಿಲ್ಲ. ಜೊತೆಗೆ ಬಡಿಸುವ ರವಿಶಂಕರನಿಗೆ ಮಲಗಿದಲ್ಲಿಂದಲೇ ಕೂಗಿದರು: "ಆ ಮೂಲೆಗೆ ಹೋಳಿಗೆ ಬೈಂದಿಲ್ಲೆ! ನನ್ನ ಕಾಲು ಎಂತ ನೋಡ್ತೆ, ತುಪ್ಪ ಹಿಡಿ!"

ರಕ್ತ ನಿಂತಿತು. ಪಟ್ಟಿ ಬಿತ್ತು. ಪಂಕ್ತಿಯೂ ಹೇಗೋ ಮುಗಿಯಿತು. ಗಣಪತಣ್ಣ ಎದ್ದು ಕೂತವರು ಮೊದಲು ನೋಡಿದ್ದು ಡಾಕ್ಟರರ ಎಲೆಯನ್ನು. ಅನ್ನ ಅರ್ಧ ಉಳಿದಿತ್ತು, ಹೋಳಿಗೆ ಬಿದ್ದೇ ಇರಲಿಲ್ಲ. ಅವರಿಗೆ ಅಳು ಬಂತು. ನೋವಿಗೆ ಬಂದದ್ದಲ್ಲ, ನಾಚಿಕೆಗೆ ಬಂದದ್ದು. ಮಳೆ ಬಂದು ಚಪ್ಪರ ಸೋರಿದಾಗ, ಬೀಗರು ಜಗಳವಾಡಿದಾಗ ಕೂಡ ಅವರ ಪಂಕ್ತಿಯಿಂದ ಯಾರೂ ಅರ್ಧಕ್ಕೆ ಎದ್ದವರಲ್ಲ.

"ಬಿಟ್ರೆ ಹುಣ್ಣಾಗ್ತದೆ ಅಂದ್ರು ಡಾಕ್ಟ್ರು, ಹೆದರ್ಲಿಲ್ಲ. ಕೆಲ್ಸ ಬಿಡ್ಬೇಕಾಗ್ತದೆ ಅಂದ್ರು, ಆವಾಗ ನೋಡೋಣ ಅಂದೆ. ಆದ್ರೆ ನನ್ನ ಕಾಲಿಂದ ಒಬ್ರು ಹಸ್ಕೊಂಡು ಎದ್ರು ಅಂದ್ರೆ, ಮತ್ತೆ ಆ ಕಾಲು ಇಟ್ಕೊಂಡು ಏನು ಮಾಡೋದು ಹೇಳಿ?" ಎನ್ನುತ್ತಾರೆ. ಆ ಸಂಜೆಯೇ ಅವರು ಒಪ್ಪಿಕೊಂಡರು. ಆಷಾಢದ ತಕರಾರನ್ನು ಶರಾವತಿಯೇ ವಾಪಸು ತೆಗೆದುಕೊಂಡರು.

ಹೊಸನಗರದ ಇವತ್ತಿನ ಮದುವೆ ಈ ಋತುವಿನ ಕೊನೆಯದು. ಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದಾರೆ. ಬರುವ ಸೋಮವಾರ ತೀರ್ಥಹಳ್ಳಿಗೆ ಹೋಗಬೇಕು. ಸೂಜಿಯ ಮಾತೆತ್ತಿದರೆ ಈಗಲೂ ಕೆಟಲ್ ಎತ್ತಿಕೊಂಡು ಮುಂದಿನ ಸಾಲಿನತ್ತ ಹೊರಡುತ್ತಾರೆ.

"ಹೆದರಿಕೆ ಉಂಟು, ಇಲ್ಲ ಅಂತ ಯಾಕೆ ಹೇಳ್ಲಿ. ಕಣ್ಣು ಮುಚ್ಚಿ ಮಲಗ್ತೀನಿ" ಎನ್ನುತ್ತಾ ಅವರು ಮುಂದಿನ ಲೋಟಕ್ಕೆ ಕಾಫಿ ಬಗ್ಗಿಸುತ್ತಾರೆ. "ಕಾಲು ಸರಿಯಾದ್ಮೇಲೆ ಡಾಕ್ಟ್ರನ್ನ ಮನೆಗೆ ಕರೀಬೇಕು. ಮೊದ್ಲಿಂದ ಬಡಿಸೋದಲ್ಲ, ಎಲ್ಲಿ ಬಿಟ್ಟು ಎದ್ರೋ ಅಲ್ಲಿಂದ. ಹೋಳಿಗೆ, ಆಮೇಲೆ ಮಜ್ಜಿಗೆ. ಮಜ್ಜಿಗೆ ಆಗೋ ತನಕ ಅವ್ರ ಊಟ ಮುಗೀಲಿಲ್ಲ, ನನ್ನ ಪಂಕ್ತಿನೂ ಎದ್ದಿಲ್ಲ."