ಕಳೆದ ಅಂಕಕ್ಕೊಂದು ಕಾರಣ

ವಿದ್ಯಾರ್ಥಿಗಳ ಬರವಣಿಗೆಗೆ ಅಂಕ ಕೊಡುವ ನಿಯಮಗಳೆಂದರೆ ಮೂಗು ಮುರಿಯುವವರೇ ಹೆಚ್ಚಾಗಿರುವ ವಿದ್ಯಾಲೋಕದಲ್ಲಿ, ಅಂತಹ ನಿಯಮಾವಳಿಯನ್ನು ಜನ ಕಥೆಯಂತೆ ಹೇಳಿಕೊಂಡು ತಿರುಗುವ ಹಾಗೆ ಮಾಡಿದ ಕೀರ್ತಿ ಈ ವಿಶ್ವವಿದ್ಯಾಲಯದ ಮೌಲ್ಯಮಾಪನ ಮಂಡಳಿಯ ಅಧ್ಯಕ್ಷೆಯವರಿಗೆ ಸಲ್ಲುತ್ತದೆ. ಅಧ್ಯಾಪಕಿಯಾಗಿ ಸೇರಿದ ಮೊದಲ ವರ್ಷವೇ ಅವರು ಹಟ ಹಿಡಿದು ತಂದ ನಿಯಮ ಒಂದೇ: ಕಳೆದ ಪ್ರತಿಯೊಂದು ಅಂಕಕ್ಕೂ ಪುಟದ ಅಂಚಿನಲ್ಲಿ ಕಾರಣ ಬರೆಯತಕ್ಕದ್ದು. ಅಂದಿನಿಂದ ಅವರು 'ಅಂಚಿನ ಮೇಡಂ'. ಕಾರಣ ಬರೆಯದ ಹಿರಿಯ ಪ್ರಾಧ್ಯಾಪಕರ ಉತ್ತರಪತ್ರಿಕೆಗಳ ಕಟ್ಟನ್ನೂ ನಗುನಗುತ್ತಲೇ ಹಿಂದಿರುಗಿಸಿದರು. ಜ್ವರದಲ್ಲಿ ನಡುಗುತ್ತ ಅರೆಬರೆ ಪ್ರಬಂಧ ತಂದವನಿಗೆ ಗಡುವು ಮುಂದೂಡಿ, ಅದಕ್ಕೂ ಕಾರಣ ಬರೆದಿಟ್ಟರು.

ಅವರು ಅಧ್ಯಕ್ಷೆಯಾದ ವರ್ಷದ ಪ್ರಸಂಗವೊಂದು ಇಲ್ಲಿ ದಾಖಲಾಗಲೇಬೇಕು. ಕಚೇರಿ ಸಹಾಯಕರೂ ಆ ಪ್ರಸಂಗದಲ್ಲಿ ಸಿಕ್ಕಿಕೊಂಡಿದ್ದ ವಿದ್ಯಾರ್ಥಿನಿಯೂ ಬೇರೆಬೇರೆಯಾಗಿ ಹೇಳಿದ್ದನ್ನು ಒರೆಗೆ ಹಚ್ಚಿ, ಹೊಂದಿದಷ್ಟನ್ನೇ ಕೊಟ್ಟಿದೆ.

ಅಂತಿಮ ವರ್ಷದ ಹುಡುಗಿಯೊಬ್ಬಳು ಮನೆಯಲ್ಲಿ ಕೇಳಿದ ಕಥೆಗಳ ಮೇಲೆ ಪ್ರಬಂಧ ಬರೆದಿದ್ದಳು. ಅದರಲ್ಲಿದ್ದ, ಗಾಳಿಗೆ ಬಾಗಿಲು ಮಾಡಲು ಹೊರಟ ಬಡಗಿಯ ಕಥೆ, ಬೇರೊಂದು ತರಗತಿಯ ಹುಡುಗನ ಪ್ರಬಂಧದಲ್ಲೂ, ಕೊನೆಯೊಂದು ಬಿಟ್ಟರೆ, ಸಾಲುಸಾಲಾಗಿ ಹಾಗೆಯೇ ಕಾಣಿಸಿಕೊಂಡಿತು. ಕೃತಿಚೌರ್ಯವೆಂದು ತೀರ್ಮಾನವಾದರೆ ಇಬ್ಬರಿಗೂ ಸೊನ್ನೆ. ಹುಡುಗಿಗೆ ಆಗಲೇ ಸಿಕ್ಕಿದ್ದ ಶಿಕ್ಷಕಿಯ ಕೆಲಸಕ್ಕೂ ಎಳ್ಳುನೀರು. ಸೊನ್ನೆಯ ಆ ನಿಯಮ ಬರೆದವರೂ ಸ್ವತಃ ಮೇಡಂ. ಸಡಿಲಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬಿಗಿಹಿಡಿದರೆ ತಪ್ಪು ಮಾಡದವರ ಕುತ್ತಿಗೆಗೆ ಬಂದೀತೆಂಬ ಅಳುಕು.

"ಇನ್ನೇನು ವಿಚಾರಣೆ ಮೇಡಂ, ಕನ್ನಡಿ ಹಿಡಿದ ಹಾಗಿದೆ. ಸೊನ್ನೆ ಹಾಕಿ, ಊಟಕ್ಕೆ ಏಳೋಣ" ಎಂದರು ಮಂಡಳಿಯ ಹಿರಿಯ ಸದಸ್ಯರು.

"ಸೊನ್ನೆಗೂ ಕಾರಣ ಬರೀಬೇಕಲ್ಲ ಸರ್. ಏನಂತ ಬರೀಲಿ?"

ಮನೆಯಲ್ಲಿ ಕೇಳಿದ್ದೆಂದು ಇಬ್ಬರೂ ಹೇಳಿದ್ದರಿಂದ, ಕಥೆ ಹೇಳಿದವರನ್ನೇ ಕರೆಸಲು ಮೇಡಂ ನಿರ್ಧರಿಸಿದರು. ಹುಡುಗಿಯ ಅಜ್ಜಿ ಒಂದು ಕೋಣೆಯಲ್ಲಿ, ಹುಡುಗನ ಸೋದರಮಾವ, ಬಸ್ ಚಾಲಕ, ಇನ್ನೊಂದರಲ್ಲಿ. "ಹೋದ, ಹೋದ, ದಾರಿ ಸವೆಯಿತು, ಚಪ್ಪಲಿ ಸವೆಯಲಿಲ್ಲ" ಎಂಬಲ್ಲಿ ಇಬ್ಬರ ಮಾತೂ ಅಚ್ಚೊತ್ತಿದಂತೆ ಒಂದೇ! ಕೊನೆ ಮಾತ್ರ ಬೇರೆ. ಅಜ್ಜಿಯ ಕಥೆಯಲ್ಲಿ ಗಾಳಿಯೇ ಬಾಗಿಲು ತಟ್ಟಿ ಒಳಬಂದರೆ, ಮಾವನ ಕಥೆಯಲ್ಲಿ ಬಡಗಿಯೇ ಬಾಗಿಲು ತೆರೆದಿಟ್ಟು ಗಾಳಿಯ ಹಿಂದೆ ಹೊರಟುಹೋದ. ಎರಡು ಪ್ರಬಂಧಗಳೂ ಅವರವರ ಮನೆಯ ಕಥೆಯಂತೆಯೇ ಮುಗಿದಿದ್ದವು. ನಿಧಾನಕ್ಕೆ ಹೆಸರಾದ ಮೇಡಂ ಅಂದು ಮಾವನ ಕೋಣೆಗೆ ಪಡಸಾಲೆಯಲ್ಲಿ ಓಡಿದರೆಂದು ಸಹಾಯಕರು ಆಣೆಯಿಟ್ಟು ಹೇಳುತ್ತಾರೆ.

"ನಿಮಗೆ ಈ ಕಥೆ ಯಾರು ಹೇಳಿದ್ದು?"

"ನಮ್ಮಮ್ಮ. ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ರು" ಎಂದ ಮಾವ.

ಅಜ್ಜಿಯೂ ಅದೇ ಗಿರಣಿಯವರು! ಇಬ್ಬರನ್ನೂ ಎದುರುಬದುರು ಕೂರಿಸಿ, ಮಾವ ತನ್ನ ತಾಯಿಯ ಹೆಸರು ಹೇಳಿದ್ದೇ ತಡ, ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟರು.

"ಅವಳ ಮಗನೇನೋ ನೀನು! ನನ್ನ ಪಕ್ಕದ ಯಂತ್ರದವಳು ಕಣೋ. ಕಥೆ ಕಲಿಸಿದ್ದೇ ನಾನು. ಬಡಗೀನ ಓಡಿಸಿ ಕೊನೆ ಕೆಡಿಸಿದ್ದು ಅವಳು!"

"ಅಜ್ಜಿ, ಅಮ್ಮ ನಿಮ್ಮ ಮೇಲೇ ಇದೇ ದೂರು ಹೇಳ್ತಿದ್ರು!"

ಮಂಡಳಿಯ ಕೋಣೆ ನಗುವಿನಿಂದ ತುಂಬಿತು. ಹಿರಿಯ ಸದಸ್ಯರೂ ಊಟ ಮರೆತರು. ಚೌರ್ಯದ ಆರೋಪ ಬಿದ್ದುಹೋಯಿತು. ಆದರೆ ಮೇಡಂ ಕೆಂಪು ಪೆನ್ನು ತೆಗೆದು ಇಬ್ಬರ ಪ್ರಬಂಧದಲ್ಲೂ ಐದೈದು ಅಂಕ ಕಳೆದು, ಅಂಚಿನಲ್ಲಿ ಬರೆದರು: "ಕಥೆ ಹೇಳಿದವರ ಹೆಸರಿಲ್ಲ."

"ಅಜ್ಜೀನ ಹೇಗೆ ಉಲ್ಲೇಖಿಸೋದು ಮೇಡಂ? ಅವರೇನು ಪುಸ್ತಕವಾ?" ಹುಡುಗಿ ಗೊಣಗಿದಳು.

"ಯಾಕೆ, ಪುಸ್ತಕಕ್ಕಿಂತ ತೆಳ್ಳಗಿದ್ದೀನೇನೇ?" ಎಂದರು ಅಜ್ಜಿ. "ಕಳೀರಿ ಮೇಡಂ, ಸರಿಯಾಗಿ ಕಳೀರಿ!"

ಹೇಳಿದವರ ಹೆಸರನ್ನು ಬರೆದವರ ಹೆಸರಷ್ಟೇ ಗೌರವದಿಂದ ನಮೂದಿಸಬೇಕೆಂಬ ನಿಯಮ ಹುಟ್ಟಿದ್ದು ಹೀಗೆ. ಆ ಹುಡುಗಿ ಇಂದು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಮಕ್ಕಳ ಬರಹದ ಅಂಚಿನಲ್ಲಿ ತಪ್ಪದೆ ಕಾರಣ ಬರೆಯುತ್ತಾಳೆ.

ಈಗ ವಿಶ್ವವಿದ್ಯಾಲಯವು ತನ್ನ ಲೆಕ್ಕದಿಂದ ಮೇಡಂ ಅವರನ್ನೇ ಕಳೆಯಲು ಹೊರಟಿದೆ. ಅಂಚಿನಲ್ಲಿ ಬರೆದಿರುವ ಕಾರಣ ಒಂದೇ ಪದ: ವಯಸ್ಸು. ಈ ಕಾರಣ ಸಾಲದೆಂದು ಅವರಿಂದ ಕಲಿತವರೆಲ್ಲ ಒಕ್ಕೊರಲಿನಿಂದ ಕಟ್ಟನ್ನು ಹಿಂದಿರುಗಿಸುತ್ತಿದ್ದಾರೆ. ಅವರು ನೂರ್ಕಾಲ ಬಾಳಲಿ; ಕೆಂಪು ಪೆನ್ನಿನ ಶಾಯಿ ಆರದಿರಲಿ.