ಅತ್ತಿಗೆಗೆ ಹಾಕಿದ ವಿಟಮಿನ್ ಡ್ರಿಪ್

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಹೂಗೈ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ವಾರ್ಡಿನಲ್ಲಿ ಮಲಗಿದ್ದ ಒಬ್ಬ ಮುದುಕಿ. ಒಣಕಲು ತೋಳಿನಲ್ಲಿ ನರ ಸಿಗದೆ ಎಲ್ಲರೂ ಕೈಚೆಲ್ಲಿ ಕೂತಿದ್ದಾಗ ಇವಳು ಬಂದು, ಮುದುಕಿಯ ಮೊಮ್ಮಕ್ಕಳ ವಿಚಾರ ಕೇಳುತ್ತ ಕೇಳುತ್ತಲೇ ಸೂಜಿ ಹಾಕಿ, ಮೇಲೆ ಪ್ಲಾಸ್ಟರ್ ಅಂಟಿಸಿ ಮುಗಿಸಿದ್ದಳು. ‘ಚುಚ್ತಾಳೆ ಅಂತ ಹಲ್ಲು ಕಚ್ಕೊಂಡು ಕೂತಿದ್ರೆ ಹೂವಿಟ್ಟು ಹೋದ್ಲಲ್ಲ’ ಎಂದಿದ್ದಳು ಮುದುಕಿ. ಅಂದಿನಿಂದ ಅದೇ ಹೆಸರು ನಿಂತಿತು.

ಮನೆಯಲ್ಲಿ ಮಾತ್ರ ಅವಳು ಪುಟ್ಟಿ. ಹಾಗೆ ಕರೆಯಲು ಈಗ ಉಳಿದಿದ್ದವಳು ಅತ್ತಿಗೆಯೊಬ್ಬಳೇ. ಅಣ್ಣನ ಕೈಹಿಡಿದು ಅತ್ತಿಗೆ ಆ ಮನೆಗೆ ಬಂದಾಗ ಹೂಗೈ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ತಾಯಿಯಿಲ್ಲದ ಹುಡುಗಿ. ಅತ್ತಿಗೆ ವಾಹನಗಳ ಸೀಟಿಗೆ ಕವರ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ದಪ್ಪ ರೆಕ್ಸಿನ್ನನ್ನು ಮಡಚಿ ಮಷಿನ್ನಿಗೆ ಕೊಟ್ಟು ಕೊಟ್ಟು ಅವಳ ಬೆರಳುಗಳು ಗಂಡಸರ ಬೆರಳಿನಷ್ಟು ಗಟ್ಟಿಯಾಗಿದ್ದವು. ನಾದಿನಿ ನರ್ಸಿಂಗ್ ಓದಲೇಬೇಕೆಂದು ಹಟ ಹಿಡಿದವಳೂ ಅವಳೇ. ‘ನಾನು ಸೀಟಿಗೆ ಸೂಜಿ ಹಾಕ್ತೀನಿ, ನೀನು ಮನುಷ್ಯರಿಗೆ ಹಾಕು. ಸೂಜಿ ಒಂದೇ, ಮರ್ಯಾದೆ ಬೇರೆ’ ಎಂದು ನಗುತ್ತಿದ್ದಳು. ಅಣ್ಣ ತೀರಿಕೊಂಡ ಮೇಲೆ ಇಬ್ಬರೇ ಆದರು. ಹೂಗೈ ಮದುವೆಯ ಮಾತನ್ನು ಮುಂದೂಡುತ್ತ ಹೋದಳು, ಕೊನೆಗೆ ಕೇಳುವವರೂ ಕೇಳುವುದನ್ನು ಬಿಟ್ಟರು. ಮಹಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಇಬ್ಬರ ದಿನಗಳೂ ಜಗಳ, ನಗು, ಕೆಲಸಗಳಲ್ಲಿ ಸಾಗಿದ್ದವು.

ವರ್ಷಗಟ್ಟಲೆ ನಿಂತೇ ದುಡಿದ ಹೂಗೈಗೆ ಕಾಲಿನ ನರಗಳು ಉಬ್ಬಿ ನೋವು ಶುರುವಾಯಿತು. ರಾತ್ರಿ ಪಾಳಿ ಸಾಕಾಗಿತ್ತು. ಆಗಲೇ ಕನ್ನಡಕದ ಅಂಗಡಿ ಮತ್ತು ಜಿಮ್ಮಿನ ನಡುವೆ ನರಕ್ಕೆ ವಿಟಮಿನ್ ಡ್ರಿಪ್ ಹಾಕುವ ಹೊಸದೊಂದು ಅಂಗಡಿ ತೆರೆಯಿತು. ಗಾಜಿನ ಬಾಗಿಲು, ಒಳಗೆ ತಂಪು, ಕಾಲು ಚಾಚಿ ಒರಗುವ ಮೆತ್ತನೆಯ ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಬಾಟಲಿ ನೇತುಹಾಕುವ ಸ್ಟ್ಯಾಂಡು. ಗೋಡೆಯ ಫಲಕದಲ್ಲಿ ಚೈತನ್ಯ, ಕಾಂತಿ, ರೋಗನಿರೋಧಕ ಎಂದು ಹೋಟೆಲಿನ ತಿಂಡಿಗಳ ಹಾಗೆ ಹೆಸರುಗಳು, ಎದುರಿಗೆ ಬೆಲೆ. ಮಾಲೀಕ ಮೊದಲು ನೆಲದ ಟೈಲ್ಸ್ ಮಾರುತ್ತಿದ್ದವನು. ಜಾಣ, ಮಾತಿನಲ್ಲಿ ಸಕ್ಕರೆ. ಹೂಗೈಯ ಹೆಸರು ಕೇಳಿ ತಾನೇ ಹುಡುಕಿಕೊಂಡು ಬಂದ.

‘ರಾತ್ರಿ ಡ್ಯೂಟಿ ಇಲ್ಲ, ಓಡಾಟ ಇಲ್ಲ. ಸೂಜಿ ಹಾಕಿ, ಪಕ್ಕದಲ್ಲಿ ಕೂತ್ಕೊಳ್ಳಿ, ಅಷ್ಟೇ ಸಿಸ್ಟರ್.’

‘ಡಾಕ್ಟ್ರು ಇರ್ತಾರಾ?’

‘ಇದ್ದಾರೆ, ಫೋನಲ್ಲಿ ಯಾವಾಗ ಬೇಕಾದ್ರೂ ಸಿಗ್ತಾರೆ.’

ಆ ಉತ್ತರ ಅವಳಿಗೆ ಸರಿಬರಲಿಲ್ಲ. ಆದರೂ ಕಾಲುನೋವು ಹೂಂ ಅನ್ನಿಸಿತು.

ಬರುತ್ತಿದ್ದವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು. ಮದುವೆ ಹತ್ತಿರವಾದ ಹುಡುಗಿಯರು, ಆಫೀಸಿನಲ್ಲಿ ಸುಸ್ತಾದವರು, ಹಿಂದಿನ ದಿನ ಕುಡಿದದ್ದು ಜಾಸ್ತಿಯಾದವರು. ಬಾಟಲಿಯಲ್ಲಿ ಇರುತ್ತಿದ್ದದ್ದು ಉಪ್ಪುನೀರು, ಅದಕ್ಕೆ ಬೆರೆಸಿದ ಒಂದಷ್ಟು ವಿಟಮಿನ್. ಸರಿಯಾಗಿ ಉಂಡು ತಿನ್ನುವ ಮೈಗೆ ಅದರಲ್ಲಿ ಬಹುಪಾಲು ಬೇಕಾಗುವುದಿಲ್ಲ, ಮೂತ್ರದಲ್ಲಿ ಹೋಗಿಬಿಡುತ್ತದೆ ಎಂಬುದು ಹೂಗೈಗೆ ಗೊತ್ತಿತ್ತು. ಅದೇ ವಿಟಮಿನ್ ಗುಳಿಗೆಯಾಗಿ ಮೆಡಿಕಲ್ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತಿತ್ತು. ಇಲ್ಲಿ ಒಂದು ಬಾಟಲಿಯ ಬೆಲೆ ಅತ್ತಿಗೆ ವಾರವೆಲ್ಲ ಹೊಲಿದು ತರುವ ಕೂಲಿಯಷ್ಟು. ಹಳೆಯ ವಾರ್ಡಿನ ಗೆಳತಿಯೊಬ್ಬಳು ಸಿಕ್ಕಾಗ, ‘ಉಚ್ಚೆಗೆ ಇಷ್ಟು ರೇಟು ಬರೋದು ನಾನೆಲ್ಲೂ ನೋಡಿಲ್ಲ ಕಣೇ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೂಗೈಯೂ ನಕ್ಕಳು. ಲಾಭವಿಲ್ಲದಿದ್ದರೆ ಹೋಗಲಿ, ಕೆಡುಕಂತೂ ಇಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಶುರುವಿನಲ್ಲಿ ಒಮ್ಮೆ ಡಾಕ್ಟರು ಅಂಗಡಿಗೆ ಬಂದಿದ್ದಾಗ ಅವಳು ಕೇಳಿದ್ದುಂಟು. ‘ಸರ್, ಹಾಕೋ ಮುಂಚೆ ಬಿಪಿ ನೋಡೋದು, ಒಂದ್ಸಲ ಕಿಡ್ನಿ ಟೆಸ್ಟ್ ಮಾಡಿಸೋದು ಒಳ್ಳೇದಲ್ವಾ?’

ಡಾಕ್ಟರು ಗಡಿಯಾರ ನೋಡಿಕೊಂಡರು. ‘ಇಲ್ಲಿ ಬರೋರು ಗಟ್ಟಿಮುಟ್ಟಾಗಿರೋರಮ್ಮ. ರೋಗಿಗಳಲ್ಲ, ಗಿರಾಕಿಗಳು.’

ಅವಳು ಮತ್ತೆ ಕೇಳಲಿಲ್ಲ. ಬರಬರುತ್ತ ಆ ಕೋಣೆಯ ತಂಪು ಅವಳಿಗೂ ಒಗ್ಗಿತು.

ಅತ್ತಿಗೆಗೆ ಸುಸ್ತು ಶುರುವಾದದ್ದು ಆ ದಿನಗಳಲ್ಲಿ. ಸಂಜೆ ಬಂದವಳು ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ಕುಳಿತುಬಿಡುತ್ತಿದ್ದಳು. ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ಊಟ ಸೇರುತ್ತಿರಲಿಲ್ಲ. ಮೈ ತುರಿಸುತ್ತದೆ ಎಂದು ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ‘ವಯಸ್ಸಾಯ್ತಲ್ಲ, ಮಷಿನ್ನೂ ಸವೀತದೆ’ ಎಂದು ತಾನೇ ಷರಾ ಬರೆದುಬಿಟ್ಟಳು. ವಾರ್ಡಿನಲ್ಲಿ ಬೇರೆ ಯಾರ ಪಾದವಾದರೂ ಹಾಗಿದ್ದಿದ್ದರೆ ಹೂಗೈ ಬೆರಳಿನಿಂದ ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡಿ, ಆ ಕ್ಷಣವೇ ರಕ್ತದ ಪರೀಕ್ಷೆಗೆ ಕಳಿಸುತ್ತಿದ್ದಳು. ಮನೆಯಲ್ಲಿ ಹಾಗಾಗಲಿಲ್ಲ. ದಿನಾ ನೋಡುವ ಪಾದ ಕಣ್ಣಿಗೆ ಬೀಳಲೇ ಇಲ್ಲ.

ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಒಂದು ದಿನ ಮಾಲೀಕ ಖುಷಿಯಲ್ಲಿ, ‘ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ ಸಿಸ್ಟರ್, ದುಡ್ಡು ಬೇಡ’ ಎಂದ. ಹೂಗೈಗೆ ತಟ್ಟನೆ ಅತ್ತಿಗೆಯ ನೆನಪಾಯಿತು. ಜೀವಮಾನವಿಡೀ ಕೊಡುವುದನ್ನಷ್ಟೇ ಕಲಿತವಳಿಗೆ ತಾನೂ ಏನಾದರೂ ಕೊಟ್ಟಂತಾಯಿತು ಎಂದು ಹಿಗ್ಗಿದಳು.

‘ಅಷ್ಟು ಬೆಲೆಯ ನೀರು ನನ್ನ ಮೈಗೆ ಒಗ್ಗುತ್ತೇನೇ? ಹಾಕಿಸ್ಕೊಂಡ ಮೇಲೆ ನಾನು ಬಸ್ಸಲ್ಲಿ ಓಡಾಡಬಹುದೋ, ಕಾರೇ ಬೇಕೋ?’ ಎಂದಳು ಅತ್ತಿಗೆ.

‘ಸುಮ್ಮನೆ ಬನ್ನಿ ಅತ್ತಿಗೆ. ಹುಡುಗಿ ಥರ ಆಗ್ತೀರಿ.’

ಅತ್ತಿಗೆ ಒಳ್ಳೆಯ ಸೀರೆ ಉಟ್ಟು ಬಂದಳು. ಕುರ್ಚಿಗೆ ಒರಗುವ ಮೊದಲು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ‘ಹೊಲಿಗೆ ಪರವಾಗಿಲ್ಲ. ರೆಕ್ಸಿನ್ ಕಳಪೆ, ವರ್ಷಕ್ಕೇ ಸಿಪ್ಪೆ ಏಳುತ್ತೆ’ ಎಂದು ಪಿಸುಗುಟ್ಟಿದಳು. ಪಕ್ಕದ ಕುರ್ಚಿಯ ಹುಡುಗಿ ಕಿಸಕ್ಕನೆ ನಕ್ಕಳು. ಹೂಗೈ ಫಲಕದಲ್ಲಿ ಎಲ್ಲಕ್ಕಿಂತ ದುಬಾರಿಯಾದ, ವಿಟಮಿನ್ ಸಿ ದಂಡಿಯಾಗಿ ಸೇರಿಸಿದ ಬಾಟಲಿಯನ್ನೇ ಆರಿಸಿದಳು. ಬಿಪಿ ನೋಡಲಿಲ್ಲ. ಮನೆಯವಳೇ ಅಲ್ಲವೇ, ನೋಡುವುದೇನಿದೆ ಅನ್ನಿಸಿತ್ತು. ಬಾಟಲಿ ಮುಗಿಯುವವರೆಗೂ ಪಕ್ಕದಲ್ಲಿ ಕುಳಿತು ಮಾತಾಡಿದಳು.

‘ಹೇಗನ್ನಿಸ್ತಿದೆ?’

‘ಹಗುರಾಗಿದೆ ಕಣೇ. ಹಾರಿಹೋಗೋ ಹಾಗಿದೆ’ ಎಂದಳು ಅತ್ತಿಗೆ.

ಆ ಮಾತಿಗೆ ಹೂಗೈ ಮರುಳಾದಳು. ಮುಂದಿನ ವಾರ ಮತ್ತೆ ಕರೆದೊಯ್ದಳು. ಆಮೇಲೆ ಅದು ರೂಢಿಯಾಯಿತು. ಪುಕ್ಕಟೆ ಒಂದೇ ಸಲದ್ದು, ಮಿಕ್ಕಿದ್ದಕ್ಕೆ ತನ್ನ ಸಂಬಳದಲ್ಲಿ ಹಿಡಿಸಿದಳು. ಊತ ಇಳಿಯಲಿಲ್ಲ, ಸುಸ್ತು ಹೋಗಲಿಲ್ಲ. ಕೇಳಿದರೆ ಅತ್ತಿಗೆ ‘ಪರವಾಗಿಲ್ಲ’ ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಕಾರ್ಖಾನೆಯಲ್ಲಿ ಮಷಿನ್ನಿನ ಮುಂದೆ ಕುಳಿತಿದ್ದ ಅತ್ತಿಗೆಗೆ ಉಸಿರು ಸಿಗದಾಯಿತು. ಜೊತೆಯ ಹೆಂಗಸರು ಸರಕಿನ ಗಾಡಿಯಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ತಂದರು. ಹೂಗೈ ಕೆಲಸ ಬಿಟ್ಟಿದ್ದ ಅದೇ ಆಸ್ಪತ್ರೆ. ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಆಮ್ಲಜನಕದ ಮುಖವಾಡ ಹಾಕಿದ್ದರು. ಕಿಡ್ನಿ ಡಾಕ್ಟರಮ್ಮ ಹಾಸಿಗೆಯ ಬಳಿ ನಿಂತಿದ್ದರು.

‘ಈಚೆಗೆ ಏನಾದ್ರೂ ಔಷಧಿ, ಇಂಜೆಕ್ಷನ್, ನಾಟಿ ಮದ್ದು ಅಂತ ತಗೊಂಡ್ರಾ ಅಮ್ಮ?’

ಅತ್ತಿಗೆ ಮುಖವಾಡವನ್ನು ಕೊಂಚ ಸರಿಸಿ, ‘ಏನೂ ಇಲ್ಲ’ ಎಂದಳು. ಹಾಗೆನ್ನುವಾಗ ಹೂಗೈಯ ಕಡೆ ನೋಡಲಿಲ್ಲ.

ಹೂಗೈ ಬಾಯಿ ತೆರೆದಳು. ಸುತ್ತ ನಿಂತಿದ್ದವರೆಲ್ಲ ಪರಿಚಯದವರು. ಅವಳ ಕೈಕೆಳಗೆ ಕೆಲಸ ಕಲಿತ ನರ್ಸುಗಳು. ಏನೂ ಹೇಳದೆ ಹೊರಗೆ ಬಂದುಬಿಟ್ಟಳು. ಆಗಿನ ಆ ಮೌನಕ್ಕೆ ಅವಳು ಇಂದಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತಳು, ಎದ್ದಳು, ಮತ್ತೆ ಕುಳಿತಳು. ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಹೊರಟಾಗ ಅಡ್ಡ ನಿಂತು ಎಲ್ಲವನ್ನೂ ಹೇಳಿದಳು: ಯಾವ ಬಾಟಲಿ, ಅದರಲ್ಲಿ ಏನೇನಿತ್ತು, ಎಷ್ಟು ಸಲ, ಹಾಕಿದವಳು ಯಾರು.

ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಹಗುರಾಗುತ್ತಿತ್ತೇನೋ.

‘ಬಿಪಿ ಜಾಸ್ತಿಯಾಗಿ ಕಿಡ್ನಿ ಮೊದಲಿಂದಲೇ ಹಾಳಾಗ್ತಾ ಬಂದಿತ್ತು. ಅವರಿಗೇ ಗೊತ್ತಿರಲಿಲ್ಲ. ಸೋತಿರೋ ಕಿಡ್ನಿಗೆ ಆ ನೀರೇ ಒಂದು ಹೊರೆ. ಅದರ ಜೊತೆ ಅಷ್ಟೊಂದು ವಿಟಮಿನ್ ಸಿ ನೇರವಾಗಿ ರಕ್ತಕ್ಕೆ ಹೋದ್ರೆ, ಅದರಿಂದ ಹರಳು ಕಟ್ಟಿ ಕಿಡ್ನಿ ಒಳಗೆ ಕೂತ್ಕೊಳ್ಳುತ್ತೆ. ಚೆನ್ನಾಗಿರೋರಿಗೇ ಅತಿಯಾದ್ರೆ ಕಷ್ಟ, ಇವರಿಗಂತೂ ಕೇಳೋದೇ ಬೇಡ.’

‘ನಾನು ಬೆಳಗ್ಗೆನೇ ಹೇಳಿದ್ರೆ…’

‘ಬೆಳಗ್ಗೆ ಹೇಳಿದ್ರೂ ಇವತ್ತಿನ ಚಿಕಿತ್ಸೆ ಇದೇ ಸಿಸ್ಟರ್. ಪಾದ ಊದಿಕೊಂಡ ದಿನವೇ ಒಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಮಾತ್ರೆಯಲ್ಲೇ ಬಹಳ ವರ್ಷ ತಳ್ಳಬಹುದಿತ್ತು.’

ಆ ಪರೀಕ್ಷೆಗೆ ಆಗುತ್ತಿದ್ದ ಖರ್ಚು ಒಂದು ಬಾಟಲಿಯ ಬೆಲೆಯ ಕಾಲುಭಾಗವೂ ಇರಲಿಲ್ಲ.

ಅತ್ತಿಗೆ ಬದುಕಿದಳು. ಕಿಡ್ನಿ ಮಾತ್ರ ಚೇತರಿಸಿಕೊಳ್ಳಲಿಲ್ಲ. ವಾರದಲ್ಲಿ ಕೆಲವು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದೇ ಅವಳ ಹೊಸ ಪಾಳಿಯಾಯಿತು. ಕಾರ್ಖಾನೆಯ ಮಷಿನ್ನಿಗೆ ಬೇರೆಯವಳು ಬಂದಳು. ಕೆಲಸದ ಹೆಂಗಸರು ನೋಡಲು ಬಂದಾಗ ಅತ್ತಿಗೆ ಆ ಹೊಸಬಳ ಹೊಲಿಗೆ ಹೇಗಿದೆ ಎಂದು ಎರಡೆರಡು ಸಲ ಕೇಳಿದಳು.

ಹೂಗೈ ಅಂಗಡಿಗೆ ಹೋಗಿ ಕೆಲಸ ಬಿಡುವುದಾಗಿ ಹೇಳಿದಳು. ಮಾಲೀಕ ನಿಜಕ್ಕೂ ನೊಂದುಕೊಂಡ. ‘ಆದ್ರೆ ಸಿಸ್ಟರ್, ಮೊದಲೇ ಕಾಯಿಲೆ ಇತ್ತು ಅಂತ ನೀವೇ ಹೇಳ್ತಿದ್ದೀರಲ್ಲ’ ಎಂದ.

‘ಇದೆಯೋ ಇಲ್ವೋ ಅಂತ ನಾವು ಯಾರನ್ನೂ ನೋಡಲಿಲ್ಲವಲ್ಲ ಸರ್. ಇನ್ನಾದ್ರೂ ನೋಡಿ.’

‘ಟೆಸ್ಟು ಅಂದ್ರೆ ಗಿರಾಕಿಗಳು ಹೆದರ್ತಾರೆ’ ಎಂದ ಅವನು, ಕಣ್ಣು ತಪ್ಪಿಸಿ.

ಅವಳು ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ಅಲ್ಲಿಂದ ಬಂದವರು ಏನೋ ಹೇಳಿ ಹೋದ ಮೇಲೆ ಡಾಕ್ಟರು ದಿನಕ್ಕೊಮ್ಮೆ ಬಂದು ಕೂರತೊಡಗಿದರಂತೆ, ಬಿಪಿ ನೋಡತೊಡಗಿದರಂತೆ. ಅಂಗಡಿ ಇವತ್ತಿಗೂ ಇದೆ. ಹೂಗೈ ಆ ಬೀದಿಯಲ್ಲಿ ಹೋಗುವಾಗ ಎದುರು ಬದಿಯಲ್ಲಿ ನಡೆಯುತ್ತಾಳೆ. ಈಗ ಅವಳು ಒಂದು ಚಿಕ್ಕ ದವಾಖಾನೆಯಲ್ಲಿ ಬಿಪಿ, ಸಕ್ಕರೆ ನೋಡುವ ಕೆಲಸ ಮಾಡುತ್ತಾಳೆ. ಸುಸ್ತು ಎಂದು ಯಾರಾದರೂ ಅಂದರೆ ಮೊದಲು ಅವರ ಪಾದ ನೋಡುತ್ತಾಳೆ.

ಒಂದು ದಿನ ಬಟ್ಟೆ ಮಡಚುತ್ತ ಕುಳಿತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ. ‘ಅತ್ತಿಗೆ, ಅಲ್ಲಿ ಹಾಕಿಸಿಕೊಂಡಾಗ ನಿಮಗೆ ನಿಜವಾಗ್ಲೂ ಹಗುರ ಅನ್ನಿಸ್ತಿತ್ತಾ?’

ಅತ್ತಿಗೆ ದಿಂಬಿನ ಕವರಿನ ಸುಕ್ಕನ್ನು ನೀವಿದಳು.

‘ಇಲ್ಲ ಕಣೇ. ಮನೆಗೆ ಬಂದ ಮೇಲೆ ಇನ್ನೂ ಸಾಕಾಗ್ತಿತ್ತು.’

‘ಮತ್ತೆ ಯಾಕೆ ಬರ್ತಿದ್ರಿ? ಒಂದು ಮಾತು ಹೇಳ್ಬಾರ್ದಿತ್ತಾ?’

‘ನೀನು ಅಷ್ಟು ಆಸೆಯಿಂದ ಕರೀತಿದ್ದೆ. ಆಮೇಲೆ, ಮನೇಲಿ ನಿನಗೆ ಪುರುಸೊತ್ತು ಎಲ್ಲಿರ್ತಿತ್ತು ಹೇಳು. ಅಲ್ಲಾದ್ರೆ ಬಾಟ್ಲಿ ಮುಗಿಯೋವರೆಗೂ ಪಕ್ಕದಲ್ಲೇ ಕೂತಿರ್ತಿದ್ದೆ.’

ಹೂಗೈ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಈಗ ಅತ್ತಿಗೆ ದಿನಕ್ಕೆ ಕುಡಿಯಬಹುದಾದ ನೀರು ಬಹಳ ಕಡಿಮೆ. ಬೆಳಗ್ಗೆಯೇ ಒಂದು ಪುಟ್ಟ ತಂಬಿಗೆಯಲ್ಲಿ ಅಳೆದಿಡಬೇಕು. ನಾಲಿಗೆ ಒಣಗಿದಾಗ ಅವಳು ಒಂದೊಂದೇ ಗುಟುಕು ಬಾಯಲ್ಲಿ ಹಿಡಿದು ನಿಧಾನವಾಗಿ ನುಂಗುತ್ತಾಳೆ. ಅದನ್ನು ನೋಡಿ ಹೂಗೈ, ತನಗೆ ಬಾಯಾರಿದರೆ ಅಡುಗೆಮನೆಯ ಬಾಗಿಲ ಮರೆಗೆ ಹೋಗಿ, ಸದ್ದಾಗದಂತೆ ಕುಡಿದು ಬರುತ್ತಿದ್ದಳು.

ಒಂದು ಮಧ್ಯಾಹ್ನ ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು. ‘ಪುಟ್ಟಿ, ಕಳ್ಳಿ ಥರ ಅಲ್ಯಾಕೆ ನಿಂತು ಕುಡೀತೀಯ? ಇಲ್ಲಿ ಬಂದು ಕೂತ್ಕೊಂಡು ಕುಡಿ.’

ಹೂಗೈ ಲೋಟ ಹಿಡಿದುಕೊಂಡೇ ಬಂದು ಮಂಚದ ಅಂಚಿನಲ್ಲಿ ಕುಳಿತಳು. ಅತ್ತಿಗೆ ನೋಡುತ್ತಿದ್ದಂತೆ ಇಡೀ ಲೋಟ ನೀರು ಕುಡಿದಳು.