ಅಪ್ಪ ಮೂರನೆಯ ಸಲ ಹಾಡಿದ್ದು

ನಾನು ಚಿಕ್ಕವನಿದ್ದಾಗ ದಹಿಸರಿನ ನಮ್ಮ ಚಾಳಿನಲ್ಲಿ ಎಲ್ಲರಿಗೂ ಬರುತ್ತಿದ್ದ ಇಂಗ್ಲಿಷ್ ಒಂದೇ: ‘ವನ್ಸ್ ಮೋರ್’. ಬಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಅಲ್ಲಿ ಹೆಚ್ಚು. ವರ್ಷಕ್ಕೊಮ್ಮೆ ಅವರೇ ಸೇರಿ ಒಂದು ನಾಟಕ ಆಡುತ್ತಿದ್ದರು. ಹಾಡು ಮನಸ್ಸಿಗೆ ಹಿಡಿಸಿದರೆ ಜನ ವನ್ಸ್ ಮೋರ್ ಎಂದು ಕೂಗುತ್ತಿದ್ದರು. ಕೂಗಿದರೆ ನಟ ಮತ್ತೆ ಹಾಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ನಾಟಕವಿದ್ದ ಆ ಭಾನುವಾರದ ಬೆಳಿಗ್ಗೆ ಎಲ್ಲ ಭಾನುವಾರಗಳ ಹಾಗೇ ಇತ್ತು. ನಲ್ಲಿಯ ಮುಂದೆ ಕೊಡಗಳ ಸಾಲು, ಸ್ಟೋವಿನ ಸೀಮೆಎಣ್ಣೆ ವಾಸನೆ, ಲೋಕಲ್ ರೈಲು ಹೋದಾಗಲೆಲ್ಲ ಗಡಗಡ ನಡುಗುವ ತಗಡಿನ ಮಾಡು. ಅಪ್ಪ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಿದ್ದ. ನಾಟಕದಲ್ಲಿ ಅವನದು ರಾಜನ ಪಾತ್ರ. ಯುದ್ಧದಲ್ಲಿ ಎದೆಗೆ ಕತ್ತಿ ತಗುಲಿ, ಗುಟುಕು ನೀರು ಕೇಳುತ್ತ ಒಂದು ಹಾಡು ಹಾಡಿ ಸಾಯಬೇಕು. ಅಕ್ಕ ಅವನ ಮುಖಕ್ಕೆ ಬಣ್ಣ ಬಳಿದಳು. ಸಿಮೆಂಟಿನಿಂದ ಬಿರಿದ ಬೆರಳುಗಳಿಗೂ ಬಳಿದಳು, ರಾಜನ ಕೈ ಮೆತ್ತಗೆ ಕಾಣಲಿ ಎಂದು.

ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನಾಟಕ. ಅಪ್ಪ ಏರುದನಿಯಲ್ಲಿ ಹಾಡಿ ಧೊಪ್ಪನೆ ಬಿದ್ದು ಸತ್ತ. ಕೂಡಲೇ ವನ್ಸ್ ಮೋರ್!

“ಏಳೋ ರಾಜಾ, ಇಷ್ಟ ಲಗೂ ಸತ್ರ ಹೆಂಗ?” ಎಂದು ಪಕ್ಕದ ಖೋಲಿಯ ಕಾಕಾ ಕೂಗಿದ.

ಸತ್ತ ಅಪ್ಪ ಎದ್ದು ಧೂಳು ಕೊಡವಿಕೊಂಡ. ಅವನನ್ನು ಕೊಂದ ಸೇನಾಪತಿ ಆಗಲೇ ಪರದೆಯ ಹಿಂದೆ ಚಹಾ ಕುಡಿಯುತ್ತಿದ್ದ. ಗ್ಲಾಸು ಹಿಡಿದೇ ಓಡಿಬಂದು ಇನ್ನೊಮ್ಮೆ ಇರಿದ. ಜನ ಹೊಟ್ಟೆ ಹಿಡಿದು ನಕ್ಕರು. ಅಪ್ಪ ಮೊದಲಿಗಿಂತ ಜೋರಾಗಿ ಹಾಡಿ ಸತ್ತ. ಮತ್ತೆ ವನ್ಸ್ ಮೋರ್.

“ಯಪ್ಪಾ, ಸತ್ತು ಸತ್ತು ಸಾಕಾತು ನನಗ!” ಎಂದು ಅಪ್ಪ ಬಿದ್ದಲ್ಲಿಂದಲೇ ಹೇಳಿದ.

ಮೂರನೆಯ ಸಲ ಅವನಿಗೆ ದನಿ ಉಳಿದಿರಲಿಲ್ಲ. ಏರಬೇಕಾದಲ್ಲಿ ಏರದೆ, ಕೆಳಗಿಳಿದು, ಮಗುವನ್ನು ಮಲಗಿಸುವವರ ಹಾಗೆ ಹಾಡಿದ. ಹಾರ್ಮೋನಿಯಂ ಮಾಸ್ತರನಿಗೆ ಆ ಧಾಟಿ ಸಿಗಲಿಲ್ಲ. ನುಡಿಸುವುದನ್ನೇ ಬಿಟ್ಟ. ಹಾಡು ಮುಗಿದ ಮೇಲೆ ಯಾರೂ ಕೂಗಲಿಲ್ಲ.

ಮರುದಿನ ಕೆಲಸದಲ್ಲಿ ಅಪ್ಪ ಕಟ್ಟಡದ ಬಿದಿರಿನ ಸಾರವೆಯಿಂದ ಜಾರಿ ಬಿದ್ದ. ಸಂಜೆ ಅವನನ್ನು ತಂದು ಚಾಳಿನ ಮುಂದೆ ಮಲಗಿಸಿದರು. ನಾಟಕ ನೋಡಿದವರೆಲ್ಲ ಸುತ್ತ ನಿಂತಿದ್ದರು. ನಾನು ಒಬ್ಬೊಬ್ಬರ ಬಾಯಿಯನ್ನೂ ನೋಡಿದೆ. ನಿನ್ನೆ ಅಷ್ಟು ಕೂಗಿದವರಿಗೆ ಇಂದೇನಾಯಿತು? ಕಾಲು ನೆಲಕ್ಕೆ ಬಡಿಯುವಷ್ಟು ಸಿಟ್ಟು ಬಂತು. ಕಾಕಾನ ಅಂಗಿ ಹಿಡಿದು ಜಗ್ಗಿದೆ.

“ಕೂಗೋ ಕಾಕಾ, ಕೂಗು!”

ಅವನು ನನ್ನನ್ನು ಎತ್ತಿಕೊಂಡು ಆಚೆ ನಡೆದ.

ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅಪ್ಪ ಮೊದಲೆರಡು ಸಲ ಹಾಡಿದ ಧಾಟಿ ನನಗೆ ಬರುತ್ತದೆ. ಮೂರನೆಯದು ಅಕ್ಕನಿಗೆ ಮಾತ್ರ ಬರುತ್ತಿತ್ತು. ಅದೂ ರೊಟ್ಟಿ ಬಡಿಯುವಾಗ. ಕೂತು ಹಾಡು ಎಂದರೆ ಅವಳಿಗೂ ಬರುತ್ತಿರಲಿಲ್ಲ. ಅದಕ್ಕೆ ನಾನು ಮಲಾಡಿನ ಅವಳ ಮನೆಗೆ ಹೋಗಿ ಒಲೆಯ ಪಕ್ಕ ಕೂರುತ್ತಿದ್ದೆ. ಎಷ್ಟು ಕೇಳಿದರೂ ಅದು ನನ್ನ ಗಂಟಲಿಗೆ ಇಳಿಯಲಿಲ್ಲ. ಈ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು.

ನನ್ನ ಮೊಮ್ಮಗಳ ಬಾಯಲ್ಲಿ ಎಷ್ಟೊಂದು ಪದಗಳಿವೆ: ರಿಪೀಟ್, ರೀಪ್ಲೇ, ರಿವೈಂಡ್, ರೀಕ್ಯಾಪ್. ಕ್ರಿಕೆಟ್ ನಡೆಯುವಾಗ ನಾನು ಕನ್ನಡಕ ಹುಡುಕುತ್ತಿದ್ದರೆ, “ಅಜ್ಜಾ, ಟೆನ್ಶನ್ ಯಾಕ? ರೀಪ್ಲೇ ಬರ್ತದ ನಾ!” ಎನ್ನುತ್ತಾಳೆ. ಬರುತ್ತದೆ ಕೂಡ. ಅದೇ ಕ್ಯಾಚು, ಅಂಪೈರ್ ಎತ್ತಿದ ಅದೇ ಬೆರಳು, ಕೂದಲೆಳೆಯಷ್ಟೂ ಬದಲಾಗದೆ. ಅಪ್ಪ ಹಾಡಿದ್ದು ಹಾಗಿರಲಿಲ್ಲ. ಒಂದು ಸಲದ ಹಾಗೆ ಇನ್ನೊಂದು ಸಲ ಇರಲಿಲ್ಲ. ಅದಕ್ಕೇ ನನಗೆ ಬರುವ ಧಾಟಿಯಿಂದ ಬಾರದ ಧಾಟಿಗೆ ದಾರಿ ಸಿಗುತ್ತಿಲ್ಲ.

“ನೆಟ್ ಮೇ ಸಬ್ ಮಿಲ್ತಾ ಹೈ, ಅಜ್ಜಾ,” ಎಂದು ಅವಳು ಹುಡುಕಿದಳು. ಎಲ್ಲವೂ ಸಿಗುವ ನೆಟ್‌ನಲ್ಲೂ ಚಾಳಿನವರೇ ಕಟ್ಟಿದ ಹಾಡು ಎಲ್ಲಿ ಸಿಗಬೇಕು?

ಹೋದ ವರ್ಷ ಅಕ್ಕ ಹಾಡುತ್ತಿರುವಾಗ ಇವಳೇ ಫೋನು ಹಿಡಿದಿದ್ದಳು. ಫೋನು ಕಂಡದ್ದೇ ಅಕ್ಕ ಹಾಡು ನಿಲ್ಲಿಸಿದಳು. “ದೂರ ಹಿಡಿಯವ್ವಾ ಅದನ್ನ! ಗಂಟಲಾ ಮುಚ್ಚತೈತಿ.” ಅಲ್ಲಿಂದ ಮುಂದಿನದಷ್ಟೇ ಫೋನಿನಲ್ಲಿದೆ. ಮೊಮ್ಮಗಳು ಅದನ್ನು ರಿಪೀಟಿಗೆ ಹಾಕಿ ನನ್ನ ಕೈಗೆ ಕೊಡುತ್ತಾಳೆ. ಅಕ್ಕ ಬೈಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಮತ್ತೆ ಬೈಯುತ್ತಾಳೆ, ಮತ್ತೆ ಬಡಿಯುತ್ತಾಳೆ. ಅಪ್ಪನ ಆ ಧಾಟಿ ಅದರಲ್ಲಿ ಇಲ್ಲ.